ಎಷ್ಟು ಅಡಿ, ಎಷ್ಟನೇ ನಂಬರು?

ನನ್ನ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ. ಅವನ ಮೊಬೈಲಿನಲ್ಲಿ ಜಗತ್ತಿನ ಏಳು ಅದ್ಭುತಗಳ ಒಂದು ಪಟ್ಟಿ ಇದೆ. ತಾಜ್ ಮಹಲ್, ಚೀನಾದ ಗೋಡೆ, ಪೆಟ್ರಾ, ಈ ಮೂರಕ್ಕೆ ಹಸಿರು ಟಿಕ್ ಬಿದ್ದಿದೆ. ಉಳಿದ ನಾಲ್ಕನ್ನು ನಲವತ್ತು ವರ್ಷ ತುಂಬುವುದರೊಳಗೆ ಮುಗಿಸ್ತಾನಂತೆ. ‘ಮುಗಿಸೋದು’ ಅನ್ನುವುದು ಅವನದ್ದೇ ಮಾತು. ಸ್ಪ್ರಿಂಟ್ ಮುಗಿಸಿದ ಹಾಗೆ.

ಕಳೆದ ಡಿಸೆಂಬರಿನಲ್ಲಿ ಅವನು ಉಡುಪಿಯ ನಮ್ಮ ಮನೆಗೆ ಬಂದಿದ್ದ. ಅಮ್ಮ ನೀರುದೋಸೆ ಬಡಿಸುತ್ತಿದ್ದಾಗ ಕೇಳಿದ: “ಆಂಟಿ, ನಿಮ್ಮೂರಲ್ಲಿ ನೋಡ್ಲೇಬೇಕಾದ ವಂಡರ್ ಯಾವುದು?” ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲಿ ಎಂತ ಉಂಟು ಮಗ? ಮಠ ಉಂಟು, ಸಮುದ್ರ ಉಂಟು, ಅಷ್ಟೆ” ಅಂದರು.

ಮರುದಿನ ಕಾರ್ಕಳಕ್ಕೆ ಹೋದೆವು. ಗೊಮ್ಮಟನ ಬುಡದಲ್ಲಿ ನಿಂತು ಅವನು ಮೊಬೈಲಿನಲ್ಲಿ ಏನೋ ಹುಡುಕಿದ. “ನಲವತ್ತೆರಡು ಅಡಿ. ಇದು ಸೆಕೆಂಡ್ ಅಲ್ವಾ? ಫಸ್ಟ್ ಶ್ರವಣಬೆಳಗೊಳ” ಅಂದ. ಎರಡು ಫೋಟೊ ಹೊಡೆದ. ಹತ್ತು ನಿಮಿಷಕ್ಕೆ ಕೆಳಗಿಳಿದ.

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಬೆಂಗಳೂರಿಗೆ ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಯೋಚಿಸಿದಾಗ ಗೊತ್ತಾಯಿತು, ನನಗೆ ಬೇಸರ ಮಾಡಿದ್ದು ಅವನ ಪ್ರಶ್ನೆ ಒಂದೇ ಅಲ್ಲ, ಅಮ್ಮನ ಉತ್ತರವೂ ಹೌದು. ‘ಇದು ಸೆಕೆಂಡ್’ ಅನ್ನುವವನಿಗೂ ‘ಇಲ್ಲಿ ಎಂತ ಉಂಟು’ ಅನ್ನುವವಳಿಗೂ ಪಾಠ ಹೇಳಿಕೊಟ್ಟ ಮೇಷ್ಟ್ರು ಒಬ್ಬರೇ. ಅದು ‘ಅದ್ಭುತಗಳ ಪಟ್ಟಿ’. ಈ ಬರಹ ಆ ಪಟ್ಟಿಯ ವಿಮರ್ಶೆ.

ಮೊದಲು ಅದರ ಹುಟ್ಟು ನೋಡೋಣ. ಏಳು ಅದ್ಭುತಗಳು ಅಂತ ಮೊದಲು ಲೆಕ್ಕ ಹಾಕಿದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ, ಗ್ರೀಕರು. ಅವರು ಬಳಸಿದ ಪದದ ಅರ್ಥ ‘ನೋಡತಕ್ಕವು’ ಅಂತ. ಗೀಜಾದ ಪಿರಮಿಡ್, ಬ್ಯಾಬಿಲೋನಿನ ತೂಗುತೋಟ, ಎಫೆಸಸ್ಸಿನ ಆರ್ಟೆಮಿಸ್ ಗುಡಿ, ಒಲಿಂಪಿಯಾದ ಜ್ಯೂಸ್ ಪ್ರತಿಮೆ, ಹ್ಯಾಲಿಕಾರ್ನಾಸಸ್ಸಿನ ಸಮಾಧಿ, ರೋಡ್ಸ್ ದ್ವೀಪದ ಕಂಚಿನ ಪ್ರತಿಮೆ, ಅಲೆಕ್ಸಾಂಡ್ರಿಯಾದ ದೀಪಸ್ತಂಭ. ಎಲ್ಲವೂ ಗ್ರೀಕರು ಓಡಾಡುತ್ತಿದ್ದ ಕಡೆಯವೇ. ಅಂದರೆ ಅದು ಜಗತ್ತಿನ ಪಟ್ಟಿಯಲ್ಲ, ಅವರ ಪ್ರವಾಸದ ಪಟ್ಟಿ. ಇವತ್ತು ಏಳರಲ್ಲಿ ಉಳಿದಿರುವುದು ಪಿರಮಿಡ್ ಒಂದೇ. ರೋಡ್ಸಿನ ಪ್ರತಿಮೆಯಂತೂ ಅರ್ಧ ಶತಮಾನಕ್ಕಿಂತ ಸ್ವಲ್ಪ ಜಾಸ್ತಿ ನಿಂತು ಭೂಕಂಪದಲ್ಲಿ ಮುರಿದು ಬಿತ್ತು. ತೂಗುತೋಟ ನಿಜವಾಗಿ ಇತ್ತೋ ಇಲ್ಲವೋ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಆದರೂ ನಾವು ಶಾಲೆಯಲ್ಲಿ ಇದನ್ನು ಮಗ್ಗಿಯ ಥರ ಬಾಯಿಪಾಠ ಮಾಡಿದ್ದೇವೆ!

ಹೊಸ ಪಟ್ಟಿ ಬಂದಿದ್ದು 2007ರ ಜುಲೈ 7ರಂದು, ಲಿಸ್ಬನ್ನಿನಲ್ಲಿ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಶಾಲೆ ಕಾಲೇಜುಗಳಲ್ಲಿ ‘ತಾಜ್‌ಗೆ ವೋಟ್ ಮಾಡಿ’ ಅಂತ ಎಸ್ಸೆಮ್ಮೆಸ್ಸು ಕಳಿಸಿದ್ದೇ ಕಳಿಸಿದ್ದು. ಒಬ್ಬರೇ ಎಷ್ಟು ಸಲ ಬೇಕಾದರೂ ಫೋನಿನಿಂದ ವೋಟ್ ಹಾಕಬಹುದಾಗಿತ್ತು. ಹತ್ತು ಕೋಟಿ ವೋಟು ಬಂತು ಅಂತ ಆಯೋಜಕರು ಹೇಳಿದರು. ಇದಕ್ಕೂ ನಮಗೂ ಸಂಬಂಧ ಇಲ್ಲ ಅಂತ ಯುನೆಸ್ಕೋ ಸ್ಪಷ್ಟವಾಗಿ ಹೇಳಿತು. ಅದನ್ನು ಕೇಳಿಸಿಕೊಂಡವರು ಕಮ್ಮಿ. ಹಾಗೆ ಗೆದ್ದ ಏಳರಲ್ಲಿ ರಿಯೊದ ಕ್ರಿಸ್ತನ ಪ್ರತಿಮೆಯೂ ಒಂದು. ಅದು ಮುಗಿದಿದ್ದು 1931ರಲ್ಲಿ. ಈ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2023ರ ಫೆಬ್ರವರಿಯಲ್ಲಿ ನಮ್ಮದೇ ಪಟ್ಟಿಯೂ ಬಂತು. ‘ಕರ್ನಾಟಕದ ಏಳು ಅದ್ಭುತಗಳು’. ಕನ್ನಡಪ್ರಭ, ಸುವರ್ಣ ನ್ಯೂಸ್ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ನಡೆಸಿದ್ದು. ಹಿರೇಬೆಣಕಲ್, ಹಂಪಿ, ಶ್ರವಣಬೆಳಗೊಳದ ಗೊಮ್ಮಟ, ಗೋಲಗುಮ್ಮಟ, ಮೈಸೂರು ಅರಮನೆ, ಜೋಗ, ನೇತ್ರಾಣಿ. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಹಿರೇಬೆಣಕಲ್ಲಿನ ಹೆಸರನ್ನು ಅದರಲ್ಲಿ ನೋಡಿ ನನಗೆ ಖುಷಿಯಾಯಿತು. ಗಂಗಾವತಿ ಹತ್ತಿರದ ಆ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ, ಅಶೋಕನಿಗಿಂತ ಹಳೆಯವು. ಹಂಪಿಗೆ ನಾಲ್ಕು ಸಲ ಹೋದವರೂ ಪಕ್ಕದ ಹಿರೇಬೆಣಕಲ್ ಕಡೆ ತಿರುಗಿ ನೋಡಿರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಮಾಡುವುದು ಪಟ್ಟಿಯ ಒಳ್ಳೆಯ ಗುಣ. ಅದನ್ನು ಅಲ್ಲಗಳೆಯುವುದಿಲ್ಲ.

ನನ್ನ ತಕರಾರು ಬೇರೆ. ಪಟ್ಟಿಗೆ ಬೇಕಾಗಿರುವುದು ಒಂದೇ ಅಳತೆಗೋಲು: ಎಷ್ಟು ಎತ್ತರ, ಎಷ್ಟು ಹಳೆಯದು, ಎಷ್ಟನೇ ನಂಬರು. ಆ ಅಳತೆಗೋಲು ಹಿಡಿದ ಕೂಡಲೇ ವಸ್ತುವಿನ ನಿಜವಾದ ಕಥೆ ಕೈತಪ್ಪಿ ಹೋಗುತ್ತದೆ. ಇದನ್ನು ತೋರಿಸಲಿಕ್ಕೆ ನಮ್ಮ ಜಿಲ್ಲೆ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ.

ಕಾರ್ಕಳವನ್ನೇ ತೆಗೆದುಕೊಳ್ಳಿ. ಬೆಳಗೊಳದ ಗೊಮ್ಮಟ ಐವತ್ತೇಳು ಅಡಿ, ಇದು ನಲವತ್ತೆರಡು. ಅಡಿಲೆಕ್ಕದಲ್ಲಿ ಕಾರ್ಕಳ ಯಾವತ್ತೂ ಸೋಲುತ್ತದೆ. ಆದರೆ ಬೆಳಗೊಳದ್ದು ಬೆಟ್ಟದ ಬಂಡೆಯನ್ನೇ ಇದ್ದಲ್ಲಿ ಕಡೆದಿದ್ದು. ಕಾರ್ಕಳದ್ದು ಬೇರೆ ಕಡೆ ಕೆತ್ತಿ ಗುಡ್ಡದ ಮೇಲಕ್ಕೆ ಸಾಗಿಸಿ ತಂದು ನಿಲ್ಲಿಸಿದ್ದು. ವೀರಪಾಂಡ್ಯ ಭೈರರಸ ಅದನ್ನು ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ಆಮೇಲೆ ಚಂದ್ರಮ ಅನ್ನುವ ಕವಿ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ಆ ಸಾಗಾಟದ ವರ್ಣನೆಯನ್ನೇ ಮಾಡಿದ್ದಾನೆ. ಇಪ್ಪತ್ತು ಗಾಲಿಯ ಬಂಡಿ, ಹಗ್ಗ, ಎಳೆಯುವ ಜನ, ಎಲ್ಲ ಅದರಲ್ಲಿ ಬರುತ್ತದೆ. ಕ್ರೇನಿಲ್ಲ, ಟ್ರೇಲರ್ ಇಲ್ಲ. ನಲವತ್ತೆರಡು ಅಡಿಯ ಒಂದೇ ಕಲ್ಲು, ಎಲ್ಲೂ ಬಿರುಕು ಬಿಡದ ಹಾಗೆ ಆ ನುಣುಪು ಬಂಡೆಯ ಗುಡ್ಡ ಏರಬೇಕು. ಇದನ್ನು ‘ಸೆಕೆಂಡ್’ ಅನ್ನುವುದು ಹೇಗೆ? ಈ ಓಟದಲ್ಲಿ ಬೆಳಗೊಳ ಓಡಲೇ ಇಲ್ಲ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಐನೂರು ವರ್ಷ ದಾಟಿದ ಮೇಲೆ ಕಾರ್ಕಳ ಅದೇ ಕೆಲಸವನ್ನು ಇನ್ನೊಮ್ಮೆ ಮಾಡಿತು. ಧರ್ಮಸ್ಥಳದಲ್ಲಿ ಈಗ ನಿಂತಿರುವ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರ ಕೈಯಲ್ಲಿ. 1973ರಲ್ಲಿ ಅದನ್ನು ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿರುವಾಗ ಧರ್ಮಸ್ಥಳಕ್ಕೆ ಸಾಗಿಸಿದರು. 1982ರಲ್ಲಿ ಪ್ರತಿಷ್ಠೆಯಾಯಿತು. ಕಾರ್ಕಳದ ಪಕ್ಕದ ಮಿಯಾರಿನಲ್ಲಿ ಇವತ್ತಿಗೂ ಹುಡುಗರು ಕಲ್ಲು, ಮರದ ಕೆತ್ತನೆ ಕಲಿಯುತ್ತಿದ್ದಾರೆ. ಅಂದರೆ ಕಾರ್ಕಳದ ಅದ್ಭುತ ಅಂದರೆ ಒಂದು ವಿಗ್ರಹ ಅಲ್ಲ, ಒಂದು ಊರಿಗೆ ಕೈವಶವಾದ ಕಸುಬು. ಪಟ್ಟಿಯಲ್ಲಿ ಕಸುಬಿಗೆ ಕಾಲಮ್ಮೇ ಇಲ್ಲ.

ಗೊಮ್ಮಟನ ಗುಡ್ಡದಿಂದ ಕೆಳಗೆ ಕಾಣುವ ಚತುರ್ಮುಖ ಬಸದಿಯ ಗತಿಯೂ ಇದೇ. 1586ರದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕೂ ಒಂದೇ ಥರ. ಯಾವ ಬಾಗಿಲಿನಿಂದ ಒಳಗೆ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ಈ ಮೂವರು ತೀರ್ಥಂಕರರೇ ಎದುರಿಗೆ. ಈ ಕಟ್ಟಡಕ್ಕೆ ‘ಹಿಂಭಾಗ’ ಅಂತಲೇ ಇಲ್ಲ. ಎಲ್ಲಿಂದ ಬಂದವನಿಗೂ ಅದೇ ದರ್ಶನ. ಎಷ್ಟು ದೊಡ್ಡ ವಿಚಾರವನ್ನು ಎಷ್ಟು ಸಾದಾ ಕಲ್ಲಿನಲ್ಲಿ ಹೇಳಿದ್ದಾರೆ ನೋಡಿ! ಆದರೆ ಇದು ಗೊತ್ತಾಗಬೇಕಾದರೆ ಸುತ್ತು ಹಾಕಬೇಕು. ಒಂದೇ ಫೋಟೊದಲ್ಲಿ ಬರುವುದಿಲ್ಲ. ನನ್ನ ಸಹೋದ್ಯೋಗಿ ಮೇಲಿಂದಲೇ ಜೂಮ್ ಮಾಡಿ ಅದರ ಫೋಟೊ ತೆಗೆದು ಮುಗಿಸಿದ.

ಇನ್ನು ಇದೇ ತಾಲೂಕಿನ ಇನ್ನೊಂದು ಗುಡ್ಡಕ್ಕೆ ಬನ್ನಿ. ಬೈಲೂರಿನ ಉಮಿಕಲ್ ಬೆಟ್ಟ. 2023ರ ಜನವರಿಯಲ್ಲಿ, ಅಂದರೆ ಕರ್ನಾಟಕದ ಏಳು ಅದ್ಭುತಗಳ ಘೋಷಣೆಗೆ ಒಂದು ತಿಂಗಳ ಮೊದಲು, ಅಲ್ಲಿ 33 ಅಡಿಯ ಪರಶುರಾಮನ ಪ್ರತಿಮೆ ಉದ್ಘಾಟನೆಯಾಯಿತು. ಥೀಮ್ ಪಾರ್ಕ್, ಲೈಟಿಂಗು, ಜನಸಾಗರ. ಕೆಲವೇ ತಿಂಗಳಲ್ಲಿ ಅದು ಕಂಚಿನದ್ದು ಹೌದೋ ಅಲ್ಲವೋ ಅಂತ ವಿವಾದ ಎದ್ದಿತು. ಅದೇ ವರ್ಷ ಪ್ರತಿಮೆಯ ಮೇಲ್ಭಾಗವನ್ನು ತೆಗೆದರು. ವಿಷಯ ಪೊಲೀಸರ ತನಿಖೆಗೆ ಹೋಯಿತು. ಯಾರ ತಪ್ಪು ಅಂತ ತೀರ್ಮಾನ ಮಾಡುವುದು ನನ್ನ ಕೆಲಸ ಅಲ್ಲ, ಅದು ನ್ಯಾಯಾಲಯದ್ದು. ಯಾವ ಪಕ್ಷದ ಪರವಾಗಿಯೂ ಇದನ್ನು ಬರೆಯುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೆ: ಕಲ್ಲು ಕೆತ್ತುವವರ ಊರಿನಲ್ಲಿ, ಸುಮಾರು ಆರು ಶತಮಾನದಿಂದ ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ವಿಗ್ರಹ ಕಣ್ಣೆದುರೇ ಇರುವಾಗ, ನಮಗೆ ‘ಹೊಸ ಅದ್ಭುತ’ ಇಷ್ಟು ಅರ್ಜೆಂಟಾಗಿ ಬೇಕು ಅಂತ ಅನ್ನಿಸಿದ್ದಾದರೂ ಯಾಕೆ?

ನನಗೆ ಕಾಣುವ ಉತ್ತರ, ಪಟ್ಟಿಯ ಗುಂಗು. ‘ಟೂರಿಸ್ಟ್ ಬರಬೇಕು’ ಅಂದರೆ ದೂರದಿಂದ ಕಾಣುವಂಥದ್ದು ಬೇಕು. ಅಡಿಲೆಕ್ಕ ಬೇಕು, ರೀಲ್ಸಿಗೆ ಹಿನ್ನೆಲೆ ಬೇಕು. ಇದು ಕಾರ್ಕಳದ ಕಥೆ ಮಾತ್ರ ಅಲ್ಲ, ದೇಶದ ತುಂಬ ಈಗ ಪ್ರತಿಮೆಗಳ ಎತ್ತರದ ಪೈಪೋಟಿ ನಡೆದಿದೆ. ರೋಡ್ಸಿನವರೂ ಎತ್ತರಕ್ಕೇ ಹೆಸರಾಗಿದ್ದರು. ಅವರದ್ದು ಏನಾಯಿತು ಅಂತ ಮೇಲೆ ಹೇಳಿದೆ.

ಈಗ ಮಲ್ಪೆಗೆ. ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ. ಊರಿನವರಿಗೆ ಇದು ತೋನ್ಸೆಪಾರ್. ಇಲ್ಲಿಯ ಕಲ್ಲುಕಂಬಗಳನ್ನು ನೀವೂ ನೋಡಿರಬಹುದು. ಯಾರೋ ಕೂತು ಅಚ್ಚು ಹಾಕಿ ಜೋಡಿಸಿದ ಹಾಗೆ, ಹೆಚ್ಚಿನವಕ್ಕೆ ಐದು, ಆರು ಮುಖ. ಬೇಸಿಗೆಯಲ್ಲಿ ನೀರಾರಿದ ಗದ್ದೆ ಬಿರುಕು ಬಿಡುವುದನ್ನು ಕಂಡವರಿಗೆ ಇದರ ಗುಟ್ಟು ಸುಲಭವಾಗಿ ಅರ್ಥವಾಗುತ್ತದೆ. ಕೆಸರು ಒಣಗಿ ಕುಗ್ಗಿದಾಗ ಬಿರುಕು ಬೀಳುವ ಹಾಗೆ, ಲಾವಾ ನಿಧಾನವಾಗಿ ತಣಿದು ಕುಗ್ಗಿದಾಗಲೂ ಬಿರುಕು ಬೀಳುತ್ತದೆ. ತಣಿಯುತ್ತಾ ಹೋದ ಹಾಗೆ ಬಿರುಕು ಒಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾಗುತ್ತವೆ. ಇದಾಗಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ಮಲ್ಪೆಯ ಬೀಚಿನಲ್ಲಿ ಕೂತು ಗೋಳಿಬಜೆ ತಿನ್ನುವಾಗ ನಾವು ನೋಡುತ್ತಿರುವುದು ಒಂದು ಭೂಖಂಡ ಹರಿದುಹೋದ ಅಂಚನ್ನು!

ಇದೇ ಥರದ ಕಂಬಗಳು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಇವೆ. 1986ರಲ್ಲೇ ಯುನೆಸ್ಕೋ ಪಟ್ಟಿ ಸೇರಿದ್ದು. ವಯಸ್ಸು ಸುಮಾರು ಆರು ಕೋಟಿ ವರ್ಷ, ನಮ್ಮದಕ್ಕಿಂತ ಕಿರಿದು. ಅಲ್ಲಿಯದು ಬಸಾಲ್ಟ್. ನಮ್ಮದನ್ನೂ ಎಲ್ಲರೂ ಬಸಾಲ್ಟ್ ಅಂತಲೇ ಬರೆಯುತ್ತಾರೆ. ಆದರೆ ಭೂವಿಜ್ಞಾನಿಗಳ ಪ್ರಕಾರ ಇದು ರಯೋಲೈಟ್, ಡೇಸೈಟ್ ಜಾತಿಯ ಶಿಲೆ. ದಖನ್ ಪ್ರಸ್ಥಭೂಮಿಯ ಬಸಾಲ್ಟಿಗಿಂತ ಎರಡು ಕೋಟಿ ವರ್ಷಕ್ಕೂ ಹಿಂದಿನದು, ಗುಣವೂ ಬೇರೆ. ಪಟ್ಟಿಗಳು ಒಂದರಿಂದ ಒಂದು ಕಾಪಿ ಹೊಡೆದಾಗ ಏನಾಗುತ್ತದೆ ಅನ್ನುವುದಕ್ಕೆ ಇದೊಂದು ಉದಾಹರಣೆ. ನಮ್ಮ ಕಲ್ಲಿನ ಹೆಸರೇ ನಮ್ಮ ಊರಿನಲ್ಲಿ ತಪ್ಪಾಗಿ ಓಡಾಡುತ್ತಿದೆ.

2025ರ ಸೆಪ್ಟೆಂಬರಿನಲ್ಲಿ ಈ ದ್ವೀಪಸಮೂಹ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಸುದ್ದಿ ಓದಿ ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಹೆಮ್ಮೆ ಯಾಕೆ ಅಂತ ಹೇಳಬೇಕಾಗಿಲ್ಲ. ಹೆದರಿಕೆ ಯಾಕೆಂದರೆ, ಡಿಸೆಂಬರಿನಲ್ಲಿ ನಾವು ಹೋದಾಗ ಒಂದು ಕಂಬದ ಮೇಲೆ ಕೀಲಿಕೈಯಲ್ಲಿ ಗೀಚಿದ ಎರಡು ಹೆಸರು ಮತ್ತು ಒಂದು ಹೃದಯ ಇತ್ತು. ಎಂಟೂವರೆ ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಎರಡು ನಿಮಿಷದ ಪ್ರೀತಿ. ಪಟ್ಟಿ ಜನರನ್ನು ಕರೆಯುತ್ತದೆ. ಬಂದವರು ಹೇಗೆ ನಡೆದುಕೊಳ್ಳಬೇಕು ಅಂತ ಅದು ಹೇಳುವುದಿಲ್ಲ. ಯುನೆಸ್ಕೋದ ಪಟ್ಟಿ ಎಸ್ಸೆಮ್ಮೆಸ್ ಪಟ್ಟಿಯ ಹಾಗಲ್ಲ, ನಿಜ. ಅದರಲ್ಲಿ ಜಾಗವನ್ನು ಹೇಗೆ ಕಾಯುತ್ತೀರಿ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪ್ಯಾರಿಸ್ಸಿನಲ್ಲಿ ಇಲ್ಲ. ದೋಣಿ ಹತ್ತುವ ನಾವೇ ಕೊಡಬೇಕು.

ಈಗ 1931ನ್ನು ನೆನಪಿಸಿಕೊಳ್ಳಿ. ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ರಿಯೊದ ಕ್ರಿಸ್ತನಿಗಿಂತ ಮೂವತ್ತು ವರ್ಷ ದೊಡ್ಡದು. ಎತ್ತರ 27 ಮೀಟರ್, ಕ್ರಿಸ್ತನ ಪ್ರತಿಮೆ ಪೀಠ ಬಿಟ್ಟರೆ 30. ಅಡಿಲೆಕ್ಕ ಬೇಡ ಅಂತ ಹೇಳಿ ನಾನೇ ಲೆಕ್ಕ ಹಾಕುತ್ತಿದ್ದೇನೆ, ಕ್ಷಮಿಸಿ. ಅಳತೆಗೋಲೇ ಮುಖ್ಯವಾದರೂ ಅದು ಎಲ್ಲರಿಗೂ ಒಂದೇ ಥರ ಬಳಕೆಯಾಗುವುದಿಲ್ಲ ಅಂತ ತೋರಿಸಲಿಕ್ಕೆ ಅಷ್ಟೆ. ಹಳೆಯ ಏಳರಲ್ಲಿ ನನಗೆ ಪ್ರೀತಿಯದ್ದು ಅಲೆಕ್ಸಾಂಡ್ರಿಯಾದ ದೀಪಸ್ತಂಭ. ಅದು ರಾಜನ ಸಮಾಧಿಯಲ್ಲ, ದೇವರ ಗುಡಿಯಲ್ಲ. ರಾತ್ರಿ ಸಮುದ್ರದಲ್ಲಿರುವ ಯಾರೋ ಗುರುತಿಲ್ಲದವರಿಗಾಗಿ ಉರಿದ ದೀಪ. ಅದೂ ಭೂಕಂಪಗಳಿಗೆ ಸಿಕ್ಕಿ ಬಿತ್ತು. ಹದಿನೈದನೇ ಶತಮಾನದಲ್ಲಿ ಅದೇ ಜಾಗದಲ್ಲಿ ಕೋಟೆ ಎದ್ದಿತು. ಕಾಪುವಿನದ್ದು ಇವತ್ತಿಗೂ ಉರಿಯುತ್ತಿದೆ.

ಕಾಪುವಿನಲ್ಲಿ ನಮ್ಮ ಅಪ್ಪನ ಗೆಳೆಯರೊಬ್ಬರಿದ್ದಾರೆ, ಎಪ್ಪತ್ತು ದಾಟಿದೆ, ಚಿಕ್ಕ ವಯಸ್ಸಿನಿಂದ ಮೀನಿಗೆ ಹೋದವರು. ಆ ಸಂಜೆ ಬಂಡೆಯ ಬುಡದಲ್ಲಿ ಸಿಕ್ಕರು. ಸಾಲು ನಿಂತು ಸೆಲ್ಫಿ ತೆಗೆಯುತ್ತಿದ್ದವರನ್ನು ನೋಡಿ ನಗುತ್ತಿದ್ದರು. “ಎಂತ ಮಾಮ, ನೀವು ಮೇಲೆ ಹತ್ತಿದ್ದುಂಟಾ?” ಅಂತ ಕೇಳಿದೆ. “ಇಲ್ಲ ಮಾರಾಯ್ತಿ, ಅದನ್ನು ನೋಡ್ಲಿಕ್ಕೆ ಅಂತ ನಾವು ಯಾರೂ ಹೋಗ್ಲಿಲ್ಲ. ಅದು ಕಂಡ್ರೆ ಮನೆ ಬಂತು ಅಂತ ಲೆಕ್ಕ. ಈಗ ಜಿಪಿಎಸ್ ಉಂಟು. ಆದ್ರೂ ಅದು ಕಾಣುವವರೆಗೆ ಮನಸ್ಸಿಗೆ ಸಮಾಧಾನ ಇಲ್ಲ” ಅಂದರು. ಅದ್ಭುತಗಳ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಂಥ ಮಾತು ಸಿಕ್ಕಿಲ್ಲ.

ಹಾಗಾದರೆ ಮಾಡಬೇಕಾದ್ದು ಎಂತದು? ಬರೀ ದೂರು ಹೇಳಿ ಮುಗಿಸಿದರೆ ಅದು ವಿಮರ್ಶೆಯಲ್ಲ. ಮಣಿಪಾಲದಲ್ಲಿ ಇದಕ್ಕೊಂದು ಉತ್ತರ ಇದೆ. ವಿಜಯನಾಥ ಶೆಣೈ ಅಂತ ಒಬ್ಬರಿದ್ದರು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ನಮ್ಮ ಹಾಗೆಯೇ ಸಂಬಳದ ಮನುಷ್ಯ. ಊರೂರಿನಲ್ಲಿ ಹಳೆಯ ಮನೆಗಳನ್ನು ಕೆಡವಿ ಕಂಬ, ತೊಲೆಗಳನ್ನು ಮಾರುತ್ತಿದ್ದ ಕಾಲದಲ್ಲಿ ಅವರು ಆ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ, ಗುರುತು ಹಾಕಿ ತಂದು ಮತ್ತೆ ಜೋಡಿಸಿದರು. ಅದೇ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. 1960ರ ದಶಕದಲ್ಲಿ ಈಜಿಪ್ಟಿನ ಅಬು ಸಿಂಬೆಲ್ ದೇಗುಲವನ್ನು ಅಣೆಕಟ್ಟಿನ ನೀರಿನಿಂದ ಪಾರು ಮಾಡಲಿಕ್ಕೆ ಅನೇಕ ದೇಶಗಳು ಸೇರಿ ಮಾಡಿದ ಕೆಲಸವನ್ನು, ಚಿಕ್ಕ ಪ್ರಮಾಣದಲ್ಲಿ, ಇವರು ಒಂದು ಸಂಬಳದ ನೌಕರಿಯಲ್ಲಿ ಇದ್ದುಕೊಂಡು ಶುರು ಮಾಡಿದರು. ಅಲ್ಲಿಗೆ ಹೋದಾಗಲೆಲ್ಲ ನನಗೆ ಸಣ್ಣ ಸಂಕಟವೂ ಆಗುತ್ತದೆ. ಒಲೆ ಉರಿಯದ ಅಡುಗೆಮನೆ, ಮಕ್ಕಳು ಓಡದ ಚಾವಡಿ. ಮನೆಗೆ ಊರು ಬೇಕು, ಜನ ಬೇಕು. ಆದರೆ ಅವರು ತಾರದಿದ್ದರೆ ಆ ಕೆತ್ತನೆಯ ಕಂಬಗಳಲ್ಲಿ ಎಷ್ಟೋ ಸೌದೆಯಾಗಿರುತ್ತಿದ್ದವು. ಯಾವ ಪಟ್ಟಿಗೂ ಅವರು ಕಾಯಲಿಲ್ಲ ಅನ್ನುವುದೇ ನನಗೆ ದೊಡ್ಡದು.

ಅದಕ್ಕೇ ನನ್ನ ಸಲಹೆ ಇಷ್ಟು. ಪಟ್ಟಿ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಟಿಕ್ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಹೇಗೆ ಆಯಿತು? ಇದನ್ನು ಇವತ್ತು ಯಾರು ಕಾಯುತ್ತಿದ್ದಾರೆ? ನಾನು ಹೋದ ಮೇಲೂ ಇದು ಹೀಗೇ ಇರಬೇಕಾದರೆ ನಾನು ಏನು ಮಾಡಬಾರದು? ಉತ್ತರ ಸಿಕ್ಕಿದರೆ ಟಿಕ್ ಹಾಕಿ. ಈ ಮೂರಕ್ಕೆ ಮಾಚು ಪಿಚುವಿನಲ್ಲಾದರೂ ಉತ್ತರ ಹುಡುಕಬಹುದು, ಮಲ್ಪೆಯಲ್ಲಾದರೂ ಹುಡುಕಬಹುದು. ನಂಬರು ಎಷ್ಟೇ ಇರಲಿ.

ಮೊನ್ನೆ ಜನವರಿಯಲ್ಲಿ ಮತ್ತೆ ಊರಿಗೆ ಹೋಗಿದ್ದೆ. ಅಮ್ಮನಿಗೆ ಈಗ ಅರವತ್ತೊಂದು. ಹುಟ್ಟಿದ್ದು, ಮದುವೆಯಾಗಿದ್ದು ಎಲ್ಲ ಇದೇ ಜಿಲ್ಲೆಯಲ್ಲಿ. ಕಾರ್ಕಳದ ಗೊಮ್ಮಟನನ್ನು ಅವರು ಬಸ್ಸಿನ ಕಿಟಕಿಯಿಂದ ನೂರಾರು ಸಲ ನೋಡಿದ್ದಾರೆ. ಮೇಲೆ ಹತ್ತಿದ್ದಿಲ್ಲ. “ಮೊಣಗಂಟು ನೋವು, ಅಲ್ಲಿ ಎಂತ ಉಂಟು” ಅಂತ ಹೊರಡಲಿಕ್ಕೇ ತಕರಾರು. ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆ. ನಾಲ್ಕು ಕಡೆ ಕೂತು, ನೀರು ಕುಡಿದು, ನಿಧಾನವಾಗಿ ಹತ್ತಿದರು.

ಮೇಲೆ ಹೋಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಲೆಯೆತ್ತಿ ನೋಡಿದರು, ಆಮೇಲೆ ತಿರುಗಿ ಬಂದ ಮೆಟ್ಟಿಲು ನೋಡಿದರು. “ಅಲ್ಲ, ನಂಗೇ ಹತ್ಲಿಕ್ಕೆ ಇಷ್ಟು ಕಷ್ಟ ಆಯ್ತು. ಇದನ್ನು ಮೇಲೆ ಹೇಗೆ ತಂದದ್ದು?”

ಎಷ್ಟು ಅಡಿ ಅಂತ ಕೇಳಲಿಲ್ಲ, ಎಷ್ಟನೆಯದು ಅಂತಲೂ ಕೇಳಲಿಲ್ಲ. ಪಕ್ಕದಲ್ಲಿ ನೆರಳಿಗೆ ಕೂತು ಇಪ್ಪತ್ತು ಗಾಲಿಯ ಬಂಡಿಯ ಕಥೆ ಹೇಳಿದೆ. ಪ್ರತಿಷ್ಠೆಯ ತಾರೀಕನ್ನೂ ಹೇಳಿದೆ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. “ಫೆಬ್ರವರಿಯಾ? ಹಾಗಾದ್ರೆ ಮಳೆ ನಿಂತು ನೆಲ ಗಟ್ಟಿ ಆದ ಮೇಲೇ ಎಳ್ದಿರ್ಬೇಕು. ಇಲ್ಲದಿದ್ರೆ ಈ ಮಣ್ಣಲ್ಲಿ ಗಾಲಿ ಹೂತು ಹೋಗ್ತದೆ” ಅಂದರು.

ಇದು ಯಾವ ಪಟ್ಟಿಯಲ್ಲೂ ನಾನು ಓದಿದ್ದಲ್ಲ. ಸರಿಯೇ ಇರಬೇಕು ಅನ್ನಿಸುತ್ತದೆ.